ಬಡಗಿ ಹೊಲಿದ ಬ್ಲೌಸ್

ನಿನ್ನ ಮಿಷನ್ ಕೋಣೆಯಿಂದ
ಗುರುವಾರ, ಮಾರ್ಚ್ ೧೩

ಪ್ರೀತಿಯ ಇವಳೇ,

ನಲವತ್ತು ವರ್ಷ ಹೀಗೇ ಕರೆದು, ಈಗ ಕಾಗದದಲ್ಲಿ ಬೇರೇನಾದರೂ ಬರೆದರೆ ಇನ್ಯಾರಿಗೋ ಬಂದದ್ದೆಂದು ಪಕ್ಕಕ್ಕಿಟ್ಟುಬಿಡುತ್ತೀಯ. ಹೇಗಿದ್ದೀಯ? ನಿದ್ದೆ ಬರುತ್ತಿದೆಯೇ? ಊಟ ಸೇರುತ್ತಿದೆಯೇ? ಬಲಗೈ ಬೆರಳು ಜುಮ್ಮೆನ್ನುವುದು ಒಳ್ಳೆಯ ಲಕ್ಷಣವೆಂದು ಡಾಕ್ಟರು ಹೇಳಿದರಂತೆ, ಮಗಳು ತಿಳಿಸಿದಳು. ಫೋನಿನಲ್ಲಿ ನೀನು 'ಹ್ಞೂ', 'ಉಹ್ಞೂ' ಬಿಟ್ಟು ಬೇರೆ ಮಾತಾಡುವುದಿಲ್ಲ, ನನಗೆ ಕೂಗಾಡದೆ ಮಾತಾಡಲು ಬರುವುದಿಲ್ಲ. ಕಾಗದವಾದರೆ ಇಬ್ಬರಿಗೂ ಕ್ಷೇಮ. ನಾನು ಚೆನ್ನಾಗಿದ್ದೇನೆ. ಸುಳ್ಳು. ತಲೆ ಕೆಟ್ಟುಹೋಗಿದೆ.

ಲಕ್ವ ಹೊಡೆದ ಕೈಯನ್ನು ಬ್ಲೌಸಿನ ತೋಳಿಗೆ ತೂರಿಸಲಾಗದೆ ಮೂರು ತಿಂಗಳಿಂದ ಅಗಲ ತೋಳಿನ ನೈಟಿಯಲ್ಲೇ ಇದ್ದೀಯ. ಆಸ್ಪತ್ರೆ ಹತ್ತಿರವೆಂದೇ ನಿನ್ನನ್ನು ಮಗಳ ಮನೆಯಲ್ಲಿ ಬಿಟ್ಟದ್ದು. ನೀನು ನೋಡಿದರೆ ಕೈಯ ವ್ಯಾಯಾಮಕ್ಕೆ ಹೋಗುವುದನ್ನೇ ಬಿಟ್ಟು ಕೂತಿದ್ದೀಯ. 'ಊರಿಗೆಲ್ಲ ಬಟ್ಟೆ ಹೊಲಿದವಳು ನಾನು, ಈ ವೇಷದಲ್ಲಿ ಬೀದಿಗೆ ಬರ್ತೀನಾ?' ಎಂದೆಯಂತೆ. ಈಗ ತಪ್ಪಿಸಿದರೆ ಕೈ ಹೀಗೇ ಉಳಿದುಬಿಡಬಹುದು ಎಂದು ಡಾಕ್ಟರು ಹೇಳಿದಾಗ ಇಬ್ಬರೂ ಅಲ್ಲೇ ಇದ್ದೆವಲ್ಲ. ಕುತ್ತಿಗೆಯಿಂದ ತೋಳಿನ ತುದಿವರೆಗೆ ಬಿಚ್ಚಿಕೊಳ್ಳುವ ಬ್ಲೌಸ್ ಹೊಲಿದುಕೊಡಿ ಎಂದು ಮಾರ್ಕೆಟ್ಟಿನ ಟೈಲರನ್ನು ಕೇಳಿದೆ. 'ಅಂಥದ್ದೆಲ್ಲ ನಾವು ಮಾಡಲ್ಲ ಸಾರ್' ಎಂದು ಬಟ್ಟೆಯನ್ನೇ ಮುಟ್ಟಲಿಲ್ಲ. ಪಿತ್ತ ನೆತ್ತಿಗೇರಿತು. ಮನೆಯ ಬಾಗಿಲು, ಕಿಟಕಿ, ಮಂಚ ಎಲ್ಲ ಮಾಡಿದ ಬಡಗಿಗೆ ಒಂದು ಬ್ಲೌಸ್ ಏನು ಮಹಾ ಎಂದು ನಾನೇ ಕೂತೆ. ಈಗ ಅನುಭವಿಸುತ್ತಿದ್ದೇನೆ.

ನಿನ್ನ ಮಿಷನ್ನಿಗೆ ನನ್ನನ್ನು ಕಂಡರೆ ಆಗುವುದಿಲ್ಲ. ಪೆಡಲ್ ತುಳಿದರೆ ಚಕ್ರ ಹಿಂದಕ್ಕೆ ತಿರುಗಿ, ಅಡಿಯಲ್ಲಿ ದಾರವೆಲ್ಲ ಮುದ್ದೆಗಟ್ಟಿ ಬಟ್ಟೆಯನ್ನು ಕಚ್ಚಿಕೊಳ್ಳುತ್ತದೆ. ಅದನ್ನು ಬಿಡಿಸಿ, ಕನ್ನಡಕ ಏರಿಸಿ, ದಾರದ ತುದಿಗೆ ಎಂಜಲು ಹಚ್ಚಿ, ಮತ್ತೆ ಸೂಜಿಯ ಕಣ್ಣು ಹುಡುಕಬೇಕು. ಮುಂದಕ್ಕೆ ತುಳಿಯುವುದು ಕಲಿತೆ, ಆಗ ಹೊಲಿಗೆ ಬಿಟ್ಟುಬಿಟ್ಟು ಬೀಳತೊಡಗಿತು. ಎರಡು ದಿನ ಮಿಷನ್ನನ್ನು ಬೈದೆ, ಎಣ್ಣೆ ಬಿಟ್ಟೆ, ಸ್ಕ್ರೂ ಬಿಚ್ಚಿದೆ. (ಎಲ್ಲ ವಾಪಸ್ ಹಾಕಿದ್ದೇನೆ, ಹೆದರಬೇಡ. ಒಂದು ಉಳಿದಿದೆ, ಡಬ್ಬಿಯಲ್ಲಿದೆ.) ಕೊನೆಗೆ ನೋಡಿದರೆ ಸೂಜಿಯನ್ನೇ ಹಿಂದುಮುಂದಾಗಿ ಸಿಕ್ಕಿಸಿದ್ದೆ! ಅದರ ಒಂದು ಕಡೆ ಚಪ್ಪಟೆ, ಅದನ್ನು ನೋಡಿ ಹಾಕಬೇಕು ಎಂದು ಯಾರಾದರೂ ಹೇಳಬೇಡವೇ? ಮೊಬೈಲಿನಲ್ಲಿ ಹೊಲಿಗೆ ಕಲಿಸುವವಳು 'ತುಂಬಾ ಸುಲಭ ಫ್ರೆಂಡ್ಸ್' ಎನ್ನುತ್ತಾಳೆ, ಸರ್ರನೆ ಒಂದು ಹೊಲಿಗೆ ಎಳೆದು 'ಇಷ್ಟೇ' ಎನ್ನುತ್ತಾಳೆ. ಎಷ್ಟೇ? ಹೊಸದಾಗಿ ಕಲಿಯುವವನು ಎಲ್ಲೆಲ್ಲಿ ಎಡವುತ್ತಾನೆ ಎನ್ನುವುದೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಹೇಳುತ್ತಾರೆ.

ಇನ್ನು ಕತ್ತರಿಸಿದ ಕಥೆ. ನಿನ್ನ ನೀಲಿ ಬ್ಲೌಸನ್ನು ಮೇಜಿನ ಮೇಲೆ ಹಾಸಿ, ಸ್ಟೀಲ್ ಸ್ಕೇಲಿನಲ್ಲಿ ಅಳತೆ ತೆಗೆದು, ಹೊಸ ಬಟ್ಟೆಯ ಮೇಲೆ ಗೆರೆ ಎಳೆದೆ. ಈ ಬಟ್ಟೆಗೆ ಮರದ ಮರ್ಯಾದೆಯಿಲ್ಲ, ಇಟ್ಟಲ್ಲಿ ನಿಲ್ಲುವುದಿಲ್ಲ, ಓರೆಯಾಗಿ ಎಳೆದರೆ ಹಿಗ್ಗುತ್ತದೆ. ನಾಲ್ಕು ಮೂಲೆಗೂ ಕ್ಲ್ಯಾಂಪ್ ಬಿಗಿದು, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಗೆರೆಯ ಮೇಲೇ ಕತ್ತರಿಸಿದೆ. ಏನು ಹೆಮ್ಮೆ ನನಗೆ! ಮೂರು ದಿನ ಹೊಲಿದು ದಿಂಬಿಗೆ ತೊಡಿಸಿದರೆ ಹತ್ತುವುದೇ ಇಲ್ಲ. ನಿನ್ನ ಹತ್ತಿರ ಹೊಲಿಗೆ ಕಲಿತ ಬೇಕರಿಯವಳನ್ನು ಕರೆದು ತೋರಿಸಿದೆ. 'ಹೊಲಿಗೆಗೆ ಅಂತ ಬಟ್ಟೆ ಬಿಟ್ಟೇ ಇಲ್ವಲ್ಲ ಅಂಕಲ್! ಒಳಗಡೆ ಮಡಚೋಕೆ ಅರ್ಧ ಇಂಚು ಬೇಡ್ವಾ?' ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮರದಲ್ಲಿ ಗೆರೆ ಅಂದರೆ ಗೆರೆ ಎಂದು ವಾದಿಸಿದೆ. ಕೀಲು ಕೂರಿಸಲು ನೀವು ಮರ ಉಳಿಸಿಕೊಳ್ಳಲ್ವಾ ಎಂದು ತಿರುಗಿಸಿ ಕೇಳಿದಳು. ಎರಡನೆಯದಕ್ಕೆ ಅರ್ಧ ಇಂಚು ಬಿಟ್ಟೆ, ಆದರೆ ಎರಡು ತೋಳೂ ಎಡಗೈಯವೇ ಆದವು. ಆವತ್ತು ಕತ್ತರಿ ಎಸೆದು ಎದ್ದುಹೋಗಿ ಹಿತ್ತಲಲ್ಲಿ ನಿಂತಿದ್ದೆ. ಅತ್ತುಬಿಟ್ಟೆ ಎಂದರೆ ನಂಬುತ್ತೀಯಾ?

ಈಗ ಮೂರನೆಯದು ಮಿಷನ್ನಿನ ಮೇಲಿದೆ. ನೀನು ಈ ಸ್ಟೂಲಿನ ಮೇಲೆ ಕೂತಿರುತ್ತಿದ್ದಾಗ 'ನಿನಗೇನು, ಕೂತು ಮಾಡೋ ಕೆಲಸ' ಎಂದು ಎಷ್ಟು ಸಲ ಅಂದಿದ್ದೇನೆ! ನಾಲ್ಕು ವಾರಕ್ಕೇ ನನ್ನ ಸೊಂಟ ಬಿದ್ದುಹೋಗಿದೆ. ತಪ್ಪಾಯಿತು ಕಣೇ. ನನಗೆ ಸಿಟ್ಟು ಮಿಷನ್ನಿನ ಮೇಲಲ್ಲ, ಬಟ್ಟೆಯ ಮೇಲೂ ಅಲ್ಲ. ನಾನಿಲ್ಲಿ ಒಂದು ತೋಳು ಕಲಿಯುವುದರೊಳಗೆ ನಿನ್ನ ಕೈಗೆ ಸಿಕ್ಕಿರುವ ಕಾಲ ಮುಗಿದುಬಿಟ್ಟರೆ ಏನು ಮಾಡಲಿ ಎನ್ನುವ ಭಯ. ಅಚ್ಚುಕಟ್ಟಾಗಿ ಬಂದಮೇಲೆ ಕಳಿಸುತ್ತೇನೆ, ಇನ್ನೆರಡು ವಾರ ಕೊಡು.

ಮಗಳಿಗೂ ಅಳಿಯನಿಗೂ ಆಶೀರ್ವಾದ. ಮೊಮ್ಮಗಳಿಗೆ ಮುತ್ತು, ಮೊದಲನೆಯ ಬ್ಲೌಸ್ ಅವಳ ಗೊಂಬೆಗೆ.

ಇಂತಿ,
ಹತ್ತು ಬೆರಳಿಗೂ ಸೂಜಿ ಚುಚ್ಚಿಸಿಕೊಂಡ
ನಿನ್ನ ಮನೆಯವನು

ಮತ್ತೆ: ಲಕೋಟೆ ಅಂಟಿಸುವಾಗ ಮಗಳ ಫೋನ್ ಬಂತು. ನೀನು ಇವತ್ತೂ ವ್ಯಾಯಾಮಕ್ಕೆ ಹೋಗಲಿಲ್ಲವಂತೆ. ಇನ್ನೆರಡು ವಾರದ ಮಾತು ಬಿಡು, ಮೂರನೆಯದನ್ನು ಇದ್ದ ಹಾಗೇ ಕಟ್ಟಿ ಕಳಿಸುತ್ತಿದ್ದೇನೆ. ಕುತ್ತಿಗೆಯಿಂದ ತೋಳಿನುದ್ದಕ್ಕೂ ಇರುವ ಟಿಚ್ ಬಟನ್ ಬಿಚ್ಚಿದರೆ ಸಾಕು, ಕೈ ಎತ್ತುವುದೇ ಬೇಡ. ಕಂಕುಳಲ್ಲಿ ಸುಕ್ಕು, ಕತ್ತು ಸೊಟ್ಟ, ಗೊತ್ತು ನನಗೆ. ಮೇಲೊಂದು ಶಾಲು ಹೊದ್ದು ಸೋಮವಾರ ವ್ಯಾಯಾಮಕ್ಕೆ ಹೋಗು. ಬಂದು ಬಿಚ್ಚಿದಮೇಲೆ, ಎಲ್ಲೆಲ್ಲಿ ತಪ್ಪಿದ್ದೇನೋ ಅಲ್ಲೆಲ್ಲ ಗೆರೆ ಎಳೆದು ವಾಪಸ್ ಕಳಿಸು. ನಿನ್ನ ಡಬ್ಬಿಯ ಚಾಕ್ ಜೊತೆಗೇ ಇಟ್ಟಿದ್ದೇನೆ. ಮಗಳ ಕೈಯಲ್ಲಿ ಎಳೆಸಬೇಡ, ಎಡಗೈಯಲ್ಲೂ ಬೇಡ. ಬಲಗೈಯಲ್ಲಿ ನೀನೇ ಎಳೆ. ಎಷ್ಟೇ ನಡುಗಿದ ಗೆರೆಯಾದರೂ ನಾನು ಅದರಂತೆಯೇ ಕತ್ತರಿಸುತ್ತೇನೆ.