ಅಟ್ಟದ ಮೇಲಿನ ಕಾಯಿ

ಬಿಳಿಗೆರೆ
ಮಾರ್ಚ್ 26

ಏಳನೇ ತರಗತಿಯ ಅನಿತಾ ಮೇಡಂ ಅವರಿಗೆ, ಸೌಂದರ್ಯಳ ತಂದೆ ಬೆಟ್ಟಸ್ವಾಮಿಯ ನಮಸ್ಕಾರ.

ಶನಿವಾರ ಮಕ್ಕಳೆಲ್ಲ ತಮ್ಮ ತೆಂಗಿನಕಾಯಿಯನ್ನೂ ತೂಕದ ಪುಸ್ತಕವನ್ನೂ ತರಬೇಕೆಂದು ಪೋಷಕರ ಗ್ರೂಪಿನಲ್ಲಿ ಓದಿದೆ. ತೂಕ ಬರೆಯದವರ ಪಟ್ಟಿಯಲ್ಲಿ ಸೌಂದರ್ಯಳ ಹೆಸರನ್ನು ಹಾಕಿದ್ದೀರಿ. ನನಗೆ ಬೇಸರವಾಯಿತು. ಅದು ಅವಳ ತಪ್ಪಲ್ಲ.

ಕಾಯಿ ಒಣಗಿ ಕೊಬ್ಬರಿಯಾಗುವವರೆಗೆ ತಿಂಗಳಿಗೊಮ್ಮೆ ತೂಗಿ ಬರೆಯಿರಿ ಎಂದು ನೀವು ಹೇಳಿದಾಗ, ಜೂನ್‌ನಲ್ಲಿ ಅವಳು ಒಂದು ಕಾಯಿಗೆ ಹೆಸರು ಬರೆದು ನಮ್ಮ ಅಟ್ಟದಲ್ಲಿಟ್ಟಳು. ದೀಪಾವಳಿ ಕಳೆದ ಮೇಲೆ ಅವಳ ತಾಯಿ ಅವಳನ್ನು ಕರೆದುಕೊಂಡು ನೊಣವಿನಕೆರೆಯ ತವರಿಗೆ ಹೋದರು. ಈಗಲೂ ಅವಳು ಅಲ್ಲಿಂದಲೇ ಶಾಲೆಗೆ ಬರುತ್ತಾಳೆ. ಕಾಯಿ ಇಲ್ಲೇ ಉಳಿಯಿತು. ಆಟೊ ಹೊರಡುವಾಗ ಸೌಂದರ್ಯ ತಲೆ ಹೊರಗೆ ಹಾಕಿ, “ಅಪ್ಪ, ನನ್ ಕಾಯಿ ಯಾರ್ಗೂ ಸುಲಿಯಕ್ ಕೊಡ್ಬ್ಯಾಡ ಕಣಪ್ಪ. ಅದು ಕೊಬ್ರಿ ಆಗೋ ಹೊತ್ಗೆ ಬತ್ತೀನಿ” ಅಂದಿದ್ದಳು.

ಅಂದಿನಿಂದ ಪ್ರತಿ ತಿಂಗಳ ಒಂದನೇ ತಾರೀಖು ನಾನೇ ತೂಗಿ ಬರೆದಿದ್ದೇನೆ. ಆ ಹಾಳೆ ಇದರ ಜೊತೆಗಿದೆ. ದಯವಿಟ್ಟು ಅವಳ ಪುಸ್ತಕಕ್ಕೆ ಅಂಟಿಸಿ, ಪಟ್ಟಿಯಿಂದ ಹೆಸರು ತೆಗೆಯಿರಿ.

ಕಾಯಿಯನ್ನು ಮಾತ್ರ ಕಳಿಸುತ್ತಿಲ್ಲ. ನಿಮ್ಮ ಹತ್ತಿರ ಸುಳ್ಳು ಹೇಳಬಾರದು. ನೀರು ಬತ್ತಿ ಹದಿನೈದು ದಿನವಾಯಿತು. ಅಲ್ಲಾಡಿಸಿದರೆ ಕೊಬ್ಬರಿ ಚಿಪ್ಪಿಗೆ ಬಡಿಯುವ ಸದ್ದು ಚೆನ್ನಾಗಿ ಕೇಳುತ್ತದೆ.

ಅವಳು ಕೇಳಿದರೆ, ಇನ್ನೂ ಕೊಬ್ಬರಿ ಆಗಿಲ್ಲವಂತೆ ಅನ್ನಿ.

ಇಂತಿ,
ಸೌಂದರ್ಯಳ ಅಪ್ಪ
ಬೆಟ್ಟಸ್ವಾಮಿ