ದೇಶಮುಖರ ವಾಡೇದಾಗ ತಡಾದದ್ದು

ನನ್ನ ಅಪ್ಪಗ,

ನೀ ಹೋಗಿ ಮೂರು ತಿಂಗಳಾತು. ನಿನ್ನ ಕಾರ್ಯಕ್ಕ ಬಂದಿದ್ದ ಚಿಂಚೋಳಿ ಅತ್ತಿ, ನಿನ್ನ ಉಳಿ-ಸುತ್ತಿಗಿ ಇಟ್ಟ ಮೂಲಿ ನೋಡಿ, "ನಮ್ಮಣ್ಣಗ ಕಲ್ಲಿನ ಮ್ಯಾಲಿದ್ದಷ್ಟು ಜೀವ ಮಗಳ ಮ್ಯಾಲ ಇರಲಿಲ್ಲ" ಅಂತ ಅತ್ಲು. ಎಲ್ಲಾರೂ ಕೇಳಿದ್ರು. ನಾ ಬಾಯಿ ಬಿಡದೆ ಕುಂತೆ. ಯಾಕ ಹಂಗ ಕುಂತೆ ಅಪ್ಪಾ? ಅದನ್ನ ಹೇಳಲಿಕ್ಕೇ ಈ ಪತ್ರ.

ಶಹಾಬಾದದಿಂದ ಚಿಂಚೋಳಿಗೆ ನೀ, ಅವ್ವ, ನಾ ಮೂರೂ ಮಂದಿ ಬಂಡಿ ಕಟ್ಟಿಕೊಂಡು ಹೊಂಟಿದ್ದು ನೆನಪದ ಏನು? ನನಗಾಗ ಹದಿನಾರು. ಅತ್ತಿ ನನಗೊಂದು ಗಂಡು ನೋಡಿದ್ಲು, ಮೂರನೇ ದಿನ ಮುಂಜಾನಿ ಆಕಿ ಮನಿಗೆ ಆ ಮಂದಿ ಬರೋರಿದ್ರು. ಎರಡನೇ ದಿನ ಸೇಡಂ ದಾಟಿದ ಮ್ಯಾಲ ಅರಮನಿಯಂಥ ಒಂದು ಹಳೇ ವಾಡೇದ ಮುಂದ ನೀ ಎತ್ತು ನಿಂದ್ರಿಸಿದಿ. "ದೇಶಮುಖರ ವಾಡೆ. ಒಳಗ ನೆಲಕ್ಕ ಪರಸಿ ಕಲ್ಲು ಹಾಸಿದವ ನಿಮ್ಮಜ್ಜ. ಒಂದೇ ಗಳಿಗಿ, ನೋಡಿ ಹೋಗೂಣು" ಅಂದಿ.

ದರವಾಜಾದಾಗಿನ ಕಾವಲಿನವ ನಮ್ಮನ್ನೂ ಬಂಡಿಯೊಳಗಿನ ಹಾರಿ-ಸುತ್ತಿಗೀನೂ ಮ್ಯಾಲಿಂದ ಕೆಳಗ ನೋಡಿ, "ಕಲ್ಲ ಕೆಲಸದವ್ರು ಹಿಂದಿನ ಬಾಗಿಲಿಂದ ಬರ್ರಿ" ಅಂದ. ನೀ ತಲಿ ತಗ್ಗಿಸಿ ಹಿಂದಕ್ಕ ಹೊಂಟಿದ್ದಿ. ಅವ್ವ ಬಿಡಬೇಕಲ್ಲ! "ಯಾವ ಬಾಗಿಲಿಂದ ಬಂದ್ರೂ ನಮ್ಮ ಮಾವನೋರು ಹಾಸಿದ ಕಲ್ಲಿನ ಮ್ಯಾಲೇ ಕಾಲಿಡಬೇಕಲ್ಲೋ ತಮ್ಮಾ" ಅಂದ್ಲು. ಒಳಗಿಂದ ಯಾರೋ ನಕ್ಕರು. ಆ ಮನಿ ಯಜಮಾನಿ, ಮುದುಕಿ ಬಾಯಿಯವರು. "ಬಿಡೋ, ಮುಂದಿನಿಂದಲೇ ಬರಲಿ" ಅಂದ್ರು.

ಕಾಲಾಗಿನ ಜೋಡು ಬಿಟ್ಟು ನೀ ಒಳಗ ಹೋಗಿ ಮೊಣಕಾಲೂರಿ ಕುಂತು, ಎರಡು ಕಲ್ಲಿನ ಸಂದಿ ಮ್ಯಾಲ ಅಂಗೈ ಆಡಿಸಿದಿ. "ಉಗುರು ಸೈತ ಹೋಗಂಗಿಲ್ಲ ನೋಡು ಗಂಗೀ" ಅಂದಿ. ನಿನ್ನ ಕಣ್ಣಾಗ ನೀರು ನಾ ಕಂಡದ್ದು ಅವತ್ತೇ ಮೊದಲು. ಆಮ್ಯಾಲ ಬಾಯಿಯವರು ಕೊಟ್ಟ ಮಜ್ಜಿಗಿ ಕುಡದು, ಹೊಂಡಲಿಕ್ಕೆ ಎದ್ದಿ.

ಈಗ ಕೇಳು. ಪಡಸಾಲಿ ತುದೀಗೆ ಒಂದು ಪರಸಿ ನನ್ನ ಕಾಲಿಗೆ ಪೊಳ್ಳು ಹತ್ತಿತ್ತು. ನಾ ಸುಮ್ಮನಿದ್ದಿದ್ರ ನಾವು ಹೊತ್ತಿಗೆ ಸರಿಯಾಗಿ ಚಿಂಚೋಳಿ ಮುಟ್ಟತಿದ್ವಿ. ಆದರ ಆ ಗಂಡನ್ನ ನಾ ಮೊದಲೇ ನೋಡಿದ್ದೆ. ಹಿಂದಿನ ವರ್ಷ ಒಂದು ಮದವಿಯೊಳಗ, ಧೋತರದ ಮ್ಯಾಲ ಸಾರು ಚೆಲ್ಲಿದಳಂತ ಬಡಸೋ ಮುದುಕಿ ಕೈಗೆ ಆಂವ ಫಟ್ಟನ ಹೊಡದಿದ್ದ. ನಿನಗ ಹೆಂಗ ಹೇಳಲಿ? ಆ ಸಂಬಂಧಕ್ಕ ನೀ ಭಾಳ ಖುಷಿಯಾಗಿದ್ದಿ… "ಅಪ್ಪಾ, ಅಜ್ಜನ ಕಲ್ಲು ಇಲ್ಲಿ ಪೊಳ್ಳಾಗ್ಯಾದ" ಅಂತ ಕೂಗಿದೆ. ನೀ ಬಿಟ್ಟು ಹೋಗಂಗಿಲ್ಲ ಅಂತ ಗೊತ್ತಿದ್ದೇ ಕೂಗಿದೆ.

ನೀ ಬಂಡಿಯೊಳಗಿನ ಹಾರಿ ತಂದಿ. ಕಲ್ಲು ಎಬ್ಬಿಸಿ, ಇರುವಿ ಗೂಡು ತಗದು, ಸುಣ್ಣದ ಗಚ್ಚು ಅರದು ಕೂಡಿಸೂದ್ರಾಗ ಹೊತ್ತು ಮುಳುಗಿತು. ಅವ್ವ, "ಮಗಳ ಲಗ್ನ ದೊಡ್ಡದೋ, ಕಲ್ಲು ದೊಡ್ಡದೋ?" ಅಂತ ಒದರ್‍ಯಾಡಿದ್ಲು. ಮರುದಿನ ಮಧ್ಯಾಹ್ನ ಚಿಂಚೋಳಿ ಮುಟ್ಟಿದ್ರ, ಆ ಮಂದಿ ಸಿಟ್ಟಾಗಿ ಎದ್ದು ಹೋಗಿದ್ರು. ಕಲ್ಲಿನ ಸಲುವಾಗಿ ಮಗಳ ಸಂಬಂಧ ಕೆಡಿಸಿದಿ ಅಂತ ಅತ್ತಿ ನಿನಗ ಬೈದ್ಲು. ವಾಪಸ್ ಬರೋ ದಾರಿಯಾಗ ನೀ ನನ್ನ ಕಡಿ ತಿರುಗಿ, "ತಪ್ಪಾತವ್ವಾ" ಅಂದಿ. ನಾ ಆಗಾದ್ರೂ ಹೇಳಬೇಕಾಗಿತ್ತು. ನಗು ಬರ್ತದಂತ ಸೆರಗಿನ್ಯಾಗ ಮಾರಿ ಮುಚ್ಚಿಕೊಂಡೆ. ನೀ ಅಳಲಿಕತ್ತಾಳಂತ ತಿಳಕೊಂಡಿ.

ಎರಡು ವರ್ಷದ ಮ್ಯಾಲ ವಾಡಿ ರೇಲ್ವೆ ಟೇಶನ್ನಿನ್ಯಾಗ ಕೆಲಸ ಮಾಡೋರಿಗೆ ನೀನೇ ನನ್ನ ಕೊಟ್ಟಿ. ಅವರು ಒಂದು ದಿನ ನನಗ ದನಿ ಎತ್ತಿಲ್ಲ. ನಾಕು ಅಕ್ಷರ ಕಲಿಸಿದವರೂ ಅವರೇ. ನನ್ನ ಕೈಲೆ ಬರದ ಮೊದಲನೇ ಪತ್ರ ಇದು, ನೀ ಓದಲಾರದ್ದು.

ಮುಂದಿನ ವಾರ ಇವ್ರಿಗೆ ರಜಾ ಅದ. ಚಿಂಚೋಳಿಗೆ ಹೋಗ್ತೀನಿ ಅಪ್ಪಾ. ಅತ್ತಿ ಎದುರಿಗೆ ಕುಂತು, "ತಡಾ ಮಾಡಿದಾಕಿ ನಾ, ನಮ್ಮಪ್ಪ ಅಲ್ಲ" ಅಂತ ಹೇಳ್ತೀನಿ. ಬೈಲಿ, ಉಣ್ಣಲಿಕ್ಕೆ ಹಾಕದೆ ಕಳಿಸಲಿ. ಇನ್ನ ಮ್ಯಾಲ ಆಕಿ ನಿನ್ನ ನೆನಸಿ ಅತ್ತರ, ಅಣ್ಣ ಹೋದನಲ್ಲ ಅಂತ ಅಷ್ಟೇ ಅಳಬೇಕು.

ನಿನ್ನ ಗಂಗಿ