ತಾಯಿ ಚಿಟ್ಟೆಯ ಪರೀಕ್ಷೆ

ದೇವನಹಳ್ಳಿ
18-8-2024

ಅಕ್ಕ ಪಾಪಕ್ಕನಿಗೆ ತಮ್ಮ ಲಕ್ಷ್ಮಯ್ಯನ ನಮಸ್ಕಾರ.

ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಬರಲಿಲ್ಲ, ಅದಕ್ಕೇ ಕಾಗದ ತಡವಾಯಿತು. ಫೋನಿನಲ್ಲಾದರೆ ನೀನು ಅಳುತ್ತೀಯೆ, ನಾನು ಫೋನಿಟ್ಟುಬಿಡುತ್ತೇನೆ. ಸಮೇತನಹಳ್ಳಿಯಲ್ಲಿ ಮಳೆ ಆಯಿತೇ? ಇಲ್ಲಿ ಹಿಪ್ಪುನೇರಳೆ ಚಿಗುರಿದೆ.

ಅಪ್ಪಯ್ಯಣ್ಣ ಬಂದಿದ್ದ. ಕಾಫಿ ಪೂರ್ತಿ ಕುಡಿದು, ಆಮೇಲೆ ನೀನು ಹೇಳಿ ಕಳಿಸಿದ್ದನ್ನು ಹೇಳಿದ. “ಮಗ ಕೆಂಪರಾಜಂಗೆ ನಿನ್ ಮಗಳು ಅಕ್ಷತನ್ನ ತಕ್ಕೊಳೋ ಮಾತು ಬ್ಯಾಡ ಅಂದ್ಲು ಕಣಪ್ಪ ಪಾಪಕ್ಕ. ತಾಯಿ ಚಿಟ್ಟೇಲಿ ಗಂಟುರೋಗ ಇದ್ರೆ ಮೊಟ್ಟೆ ಸುಡ್ಬೇಕು ಅಂತ ನೀನೇ ಹೇಳ್ತಿದ್ದಂತೆ. ನಿನ್ ಹೆಂಡ್ರು ಟಿಬಿಲಿ ಹೋದ್ಲು, ಇವ್ಳು ಅವಳ ಹೊಟ್ಟೇಲಿ ಹುಟ್ಟಿದ್ದಲ್ವಾ ಅಂದ್ಲು. ನಂದೇನಿಲ್ಲ, ನಾನು ಬರೀ ಪೋಸ್ಟ್‌ಮ್ಯಾನು.”

ಹೌದು, ಹೇಳಿದ್ದೆ. ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ ನನ್ನ ನೌಕರಿಯೇ ಅದಾಗಿತ್ತು. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡುವುದು. ಗಂಟುರೋಗದ ಜೀವಿ ಹುಳುವಿನ ಜೀವಕೋಶದ ಒಳಗೇ ಸಂಸಾರ ಹೂಡುತ್ತದೆ. ತನ್ನದೆಂದು ಒಂದು ಒಲೆಯನ್ನೂ ಇಟ್ಟುಕೊಂಡಿಲ್ಲ. ಜೀವಕೋಶ ಬೇಯಿಸಿದ ಕಸುವನ್ನು ಸಿದ್ಧವಾಗಿ ಎತ್ತಿಕೊಳ್ಳುತ್ತದೆ. ತಾಯಿಯಿಂದ ಮೊಟ್ಟೆಗೂ ಇಳಿಯುತ್ತದೆ. ಬಿಎಸ್ಸಿಯಲ್ಲಿ ನಮ್ಮ ಮೇಷ್ಟ್ರು ‘ಎ ಪ್ಯಾರಸೈಟ್ ಈಸ್ ಎ ಗೆಸ್ಟ್ ಹೂ...’ ಎಂದು ಪಾಠ ಶುರು ಮಾಡುತ್ತಿದ್ದರು. ಮುಂದಿನದು ಮರೆತಿದೆ.

ನನ್ನ ಮುನಿರತ್ನಳ ಒಳಗಿದ್ದ ಟಿಬಿಯ ಜೀವಿ ಬೇರೆ ಜಾತಿ. ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ತನ್ನನ್ನು ನುಂಗಿ ಕೊಲ್ಲಲು ಬಂದ ಜೀವಕೋಶದೊಳಗೇ ಅದು ಕೂತುಬಿಡುತ್ತದಂತೆ. ಅಲ್ಲಿ ಸಿಗುವ ಕೊಬ್ಬನ್ನೇ ಉರಿಸಿಕೊಂಡು ಬದುಕುವುದನ್ನು ಕಲಿತುಬಿಡುತ್ತದಂತೆ. ಮಾತ್ರೆ ಬಿಡಬೇಡಿ, ಊಟ ಕಡಿಮೆ ಮಾಡಬೇಡಿ ಎಂದರು. ಹಾಲು, ಮೊಟ್ಟೆ ಎಲ್ಲ ಕೊಟ್ಟೆ. ಆದರೂ ಬಳೆ ಮೊಣಕೈವರೆಗೆ ಜಾರುತ್ತಿತ್ತು. “ಯಾರ್ಗ್ ಉಣ್ಣಿಸ್ತಿದೀರ, ನಂಗೋ ಅದಕ್ಕೋ?” ಎಂದು ನಗುತ್ತಿದ್ದಳು. ಯಾರೂ ಹೇಳದೆ ತಟ್ಟೆ, ಲೋಟ ತಾನೇ ಬೇರೆ ಮಾಡಿಕೊಂಡಳು. ನೀನು ನೋಡಲು ಬಂದು ಹೊಸ್ತಿಲಾಚೆಯೇ ನಿಂತೆ. ನನಗೆ ಸಿಟ್ಟು ಬಂದರೆ ಅವಳೇ ನಿನ್ನ ಪರ ಮಾತಾಡಿದಳು. “ಅಕ್ಕಂಗೆ ಮೊಮ್ಮಕ್ಕಳವ್ರೆ, ಸುಮ್ನಿರಿ.”

ಆ ರೋಗ ಬರುವುದು ಉಸಿರಿನಿಂದ, ಬಸಿರಿನಿಂದಲ್ಲ ಅಕ್ಕ. ಅಕ್ಷತಳ ಎದೆಯ ಎಕ್ಸ್‌ರೇ, ಕಫ ಎಲ್ಲ ಪರೀಕ್ಷೆ ಮಾಡಿಸಿದ್ದೇನೆ. ಆಲ್ ಕ್ಲಿಯರ್. ಒಂದು ಹುಳುವಿನ ಮೊಟ್ಟೆಯನ್ನು ಸುಡುವ ಮುಂಚೆಯೂ ನಾವು ಕಣ್ಣಿಟ್ಟು ನೋಡುತ್ತಿದ್ದೆವು. ನೀನು ನೋಡದೆಯೇ ಸುಟ್ಟೆ. ಚಿಕ್ಕಂದಿನಿಂದ ‘ನಮ್ಮತ್ತೆ ಮನೆ’ ಎಂದು ಅವಳು ಬಾಯಿತುಂಬ ಹೇಳಿಕೊಂಡು ಓಡಾಡಿದ ಮನೆ ನಿನ್ನದು.

ಕೆಂಪರಾಜ ಏನಂದ ಎಂದು ಅಪ್ಪಯ್ಯಣ್ಣನನ್ನು ಕೇಳಿದೆ. “ಅವ್ನು ಅಲ್ಲೇ ಕೂತು ಮೊಬೈಲ್ ನೋಡ್ತಿದ್ದ” ಎಂದ.

ಇರಲಿ. ಅವನಿಗೆ ಒಳ್ಳೆಯ ಕಡೆ ಹೆಣ್ಣು ಸಿಗಲಿ, ನಿನ್ನ ಮನೆ ತುಂಬಲಿ. ಮಂಡಿನೋವಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ ತಮ್ಮ,
ಲಕ್ಷ್ಮಯ್ಯ

ಮರೆತ ಮಾತು: ಅಪ್ಪಯ್ಯಣ್ಣ ಮಾತಾಡುವಾಗ ಅಕ್ಷತ ಒಳಗೇ ಇದ್ದಳು. ಮಾರನೆಯ ದಿನ ಅಟ್ಟದಿಂದ ಅವಳಮ್ಮನ ತಟ್ಟೆ, ಲೋಟ ಇಳಿಸಿ ತೊಳೆದುಕೊಂಡಳು. ಈಗ ಅದರಲ್ಲೇ ಉಣ್ಣುತ್ತಾಳೆ, ನನ್ನಿಂದ ದೂರ ಕೂತು.